ಪ್ರಶಸ್ತಿಯ ಪಟ್ಟಿಯನ್ನು ಬರೆಯುವವರು ಯಾರು?

ಅಮೆರಿಕಾದ ಹಾಲಿವುಡ್ಡಿನಲ್ಲಿ ವರ್ಷವರ್ಷವೂ ಹಂಚುವ ಆಸ್ಕರ್ ಪ್ರಶಸ್ತಿಗಳ ಸುದ್ದಿ ನಮ್ಮ ದಿನಪತ್ರಿಕೆಗಳಲ್ಲಿ ಚಿತ್ರಸಹಿತವಾಗಿ ಬರುತ್ತದೆ. ಯಾವ ಚಿತ್ರಕ್ಕೆ ಎಷ್ಟು ಬಂತು, ಯಾವ ನಟ ವೇದಿಕೆಯ ಮೇಲೆ ಕಣ್ಣೀರಿಟ್ಟ, ಯಾವ ನಟಿ ಏನು ಉಟ್ಟು ಬಂದಳು ಎಂಬ ವಿವರಗಳಿಗೆ ಕೊರತೆಯಿಲ್ಲ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗೆದ್ದವರು ಯಾರು? ಪಟ್ಟಿಗೇ ಬಾರದವರು ಯಾರು, ಅವರು ಬಾರದಂತೆ ನೋಡಿಕೊಂಡವರು ಯಾರು ಎಂದು ಕೇಳುವವರು ಕಡಮೆ. ನಾವು ಇಂದು ಅದನ್ನೇ ಕೇಳಬೇಕೆಂದಿದ್ದೇವೆ. ಅದಕ್ಕಾಗಿ ಒಂದೇ ಒಂದು ವರ್ಷವನ್ನು ತೆಗೆದುಕೊಳ್ಳುತ್ತೇವೆ. 1954ರಲ್ಲಿ ಬಿಡುಗಡೆಯಾದ ಚಿತ್ರಗಳಿಗೆ 1955ರ ಮಾರ್ಚ್ 30ರಂದು ಪ್ರಶಸ್ತಿ ಹಂಚಿದ ವರ್ಷ ಅದು.

ಎಲ್ಲಿಯದೋ ಹಳೆಯ ಸಿನಿಮಾ ಸಂಗತಿ ಗಿರಣಿಯ ಕೆಲಸಗಾರನಿಗೂ ಪೇಟೆಯ ಸಣ್ಣ ಅಂಗಡಿಕಾರನಿಗೂ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಆ ಒಂದೇ ವರ್ಷದಲ್ಲಿ ಅಮೆರಿಕಾದಲ್ಲಿ ಕಾರ್ಮಿಕರ ಜೀವನವನ್ನು ಕುರಿತ ಎರಡು ದೊಡ್ಡ ಚಿತ್ರಗಳು ತೆರೆಗೆ ಬಂದುವು. ಒಂದಕ್ಕೆ ಎಂಟು ಆಸ್ಕರ್ ಸಿಕ್ಕಿದುವು. ಇನ್ನೊಂದಕ್ಕೆ ತೋರಿಸಲು ಚಿತ್ರಮಂದಿರವೇ ಸಿಕ್ಕದೆ ಹೋಯಿತು.

ಮೊದಲನೆಯದು ‘ಆನ್ ದ ವಾಟರ್‌ಫ್ರಂಟ್’. ನ್ಯೂಯಾರ್ಕ್ ಬಂದರಿನ ಹಮಾಲರ ಕಥೆ. ನಿರ್ದೇಶಕ ಎಲಿಯಾ ಕಜಾನ್, ಕಥೆ ಬರೆದವರು ಬಡ್ ಶುಲ್‌ಬರ್ಗ್, ನಾಯಕ ಮಾರ್ಲನ್ ಬ್ರಾಂಡೊ. ಈ ಚಿತ್ರವು ಹನ್ನೆರಡು ನಾಮಕರಣಗಳನ್ನು ಪಡೆದು ಎಂಟನ್ನು ಗೆದ್ದಿತು. ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ನಟ, ಪೋಷಕ ನಟಿ, ಕಥೆ ಮತ್ತು ಚಿತ್ರಕಥೆ, ಛಾಯಾಗ್ರಹಣ, ಕಲಾ ನಿರ್ದೇಶನ, ಸಂಕಲನ, ಹೀಗೆ ಎಂಟು. ಸೋತ ನಾಲ್ಕರಲ್ಲಿ ಮೂರು ಒಂದೇ ಪೋಷಕ ನಟ ಪ್ರಶಸ್ತಿಗೆ ಬಿದ್ದವು. ಒಂದೇ ಚಿತ್ರದ ಮೂವರು ಒಂದೇ ಪ್ರಶಸ್ತಿಗೆ ನಿಂತರು, ಪ್ರಶಸ್ತಿ ನಾಲ್ಕನೆಯವನಿಗೆ ಹೋಯಿತು! ನಾಲ್ಕನೆಯ ಸೋಲು ಸಂಗೀತದ್ದು.

ಚಿತ್ರ ಕೆಟ್ಟದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹಮಾಲರು ಬಂದರಿನ ಬಾಗಿಲಲ್ಲಿ ಗುಂಪುಗಟ್ಟಿ ನಿಲ್ಲುವುದು, ಮೇಸ್ತ್ರಿ ತನಗೆ ಬೇಕಾದವರನ್ನು ಆರಿಸುವುದು, ಉಳಿದ ಬಿಲ್ಲೆಗಳನ್ನು ನೆಲಕ್ಕೆ ಎಸೆದಾಗ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಆರಿಸಿಕೊಳ್ಳುವುದು, ಇವನ್ನೆಲ್ಲ ಆ ಚಿತ್ರ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಗಿರಣಿಯ ಗೇಟಿನಲ್ಲಿ ಬದಲಿ ಕೆಲಸಕ್ಕಾಗಿ ನಿಂತು ಜಾಬರನ ಮುಖ ನೋಡಿದವರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಘವು ಗೂಂಡಾಗಳ ಕೈಗೆ ಬಿದ್ದುದೂ ಕಟ್ಟುಕಥೆಯಲ್ಲ. ಮಾಲ್ಕಂ ಜಾನ್ಸನ್ ಎಂಬ ಪತ್ರಕರ್ತರು 1948ರಲ್ಲಿ ‘ನ್ಯೂಯಾರ್ಕ್ ಸನ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯೇ ಚಿತ್ರಕ್ಕೆ ಆಧಾರ. ಬಂದರು ಕಾರ್ಮಿಕರ ಆ ಸಂಘವನ್ನು 1953ರಲ್ಲಿ ಅಮೆರಿಕಾದ ಕಾರ್ಮಿಕ ಮಹಾಸಂಘವೇ ಭ್ರಷ್ಟಾಚಾರಕ್ಕಾಗಿ ಹೊರಗೆ ಹಾಕಿತು. ಸಂಘದ ಲೆಕ್ಕವನ್ನು ಸದಸ್ಯರು ಕೇಳದೆ ಹೋದರೆ ಸಂಘ ಯಾರ ಪಾಲಾಗುತ್ತದೆಂಬುದಕ್ಕೆ ಆ ಬಂದರು ಒಂದು ಪಾಠ.

ಆದರೆ ಕಥೆಯ ತಿರುಳೇನು? ನಾಯಕನು ಸರ್ಕಾರದ ವಿಚಾರಣಾ ಆಯೋಗದ ಮುಂದೆ ನಿಂತು ತನ್ನವರ ವಿರುದ್ಧ ಸಾಕ್ಷಿ ಹೇಳುತ್ತಾನೆ. ಅದೇ ಅವನ ವೀರತನ. ಗೂಂಡಾ ಸಂಘದ ಬೆನ್ನಿಗಿರುವ ಧನಿಕನು ಇಡೀ ಚಿತ್ರದಲ್ಲಿ ಒಂದು ಗಳಿಗೆ ಸುಳಿದು ಹೋಗುತ್ತಾನೆ. ಅವನ ಮುಖ ಕೂಡ ನಮಗೆ ಕಾಣಿಸುವುದಿಲ್ಲ. ಹಡಗಿನ ಕಂಪೆನಿಗಳಿಗೆ ಕಥೆಯಲ್ಲಿ ಯಾವ ಪ್ರಶ್ನೆಯೂ ಇಲ್ಲ.

ಇಲ್ಲಿ ನಿರ್ದೇಶಕರ ವಿಷಯ ಹೇಳಬೇಕು. ಆ ಕಾಲದಲ್ಲಿ ಅಮೆರಿಕಾದ ಪ್ರತಿನಿಧಿ ಸಭೆಯ ಒಂದು ಸಮಿತಿಯು ಚಿತ್ರರಂಗದವರನ್ನು ಕರೆಸಿ, ನೀನು ಕಮ್ಯುನಿಸ್ಟನೇ, ನಿನ್ನ ಜೊತೆ ಯಾರಿದ್ದರು, ಹೆಸರು ಹೇಳು ಎಂದು ಕೇಳುತ್ತಿತ್ತು. ಹೆಸರು ಹೇಳಿದವರಿಗೆ ಕೆಲಸ, ಹೇಳದವರಿಗೆ ಕಪ್ಪುಪಟ್ಟಿ. 1952ರ ಏಪ್ರಿಲಿನಲ್ಲಿ ಕಜಾನರು ಆ ಸಮಿತಿಯ ಮುಂದೆ ತಮ್ಮ ಹಳೆಯ ನಾಟಕ ತಂಡದ ಎಂಟು ಮಂದಿ ಸಂಗಾತಿಗಳ ಹೆಸರು ಹೇಳಿದರು. ಶುಲ್‌ಬರ್ಗರು 1951ರಲ್ಲೇ ಹೇಳಿದ್ದರು. ಚಿತ್ರದಲ್ಲಿ ಗೂಂಡಾ ನಾಯಕನ ಪಾತ್ರ ಮಾಡಿದ ಲೀ ಜೆ. ಕಾಬ್ 1953ರಲ್ಲಿ ಹೇಳಿದರು. ನಾಯಕನು ಕಡೆಗೆ ತಾನು ಮಾಡಿದ್ದು ಸರಿಯೆಂದು ಕೂಗುವ ಮಾತು ತನ್ನ ಮಾತೇ ಎಂದು ಕಜಾನರು 1988ರ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಕೊಲೆಗಡುಕರ ವಿರುದ್ಧ ಸಾಕ್ಷಿ ಹೇಳುವುದೂ, ಮಾತು ಬರಹಗಳಲ್ಲದೆ ಬೇರೆ ತಪ್ಪಿಲ್ಲದ ಗೆಳೆಯರ ಅನ್ನ ಕೀಳುವುದೂ ಒಂದೇ ಎಂದು ಪ್ರೇಕ್ಷಕ ನಂಬಬೇಕೆ? ಇದು ನಮ್ಮ ಆಕ್ಷೇಪ. ಕಲೆಗಾರಿಕೆಗೆ ನಮ್ಮ ಆಕ್ಷೇಪವಿಲ್ಲ.

ಇನ್ನು ಎರಡನೆಯ ಚಿತ್ರ. ಅದರ ಹೆಸರು ‘ಸಾಲ್ಟ್ ಆಫ್ ದಿ ಅರ್ಥ್’, ಎಂದರೆ ಭೂಮಿಯ ಉಪ್ಪು. ನ್ಯೂಮೆಕ್ಸಿಕೋ ಪ್ರಾಂತದ ಗ್ರಾಂಟ್ ಕೌಂಟಿಯಲ್ಲಿ ‘ಎಂಪೈರ್ ಜಿಂಕ್’ ಕಂಪೆನಿಯ ಸತುವಿನ ಗಣಿಯಿತ್ತು. ಗಣಿಯಲ್ಲಿ ದುಡಿಯುವವರು ಬಹುಪಾಲು ಮೆಕ್ಸಿಕನ್ ಮೂಲದವರು. ಬಿಳಿಯ ಕೆಲಸಗಾರರ ಸಮಾನವಾದ ನಡವಳಿಕೆ ಬೇಕೆಂದು ಅವರು 1950ರ ಅಕ್ಟೋಬರಿನಲ್ಲಿ ಮುಷ್ಕರ ಹೂಡಿದರು. 1951ರ ಜೂನಿನಲ್ಲಿ ನ್ಯಾಯಾಲಯವು ಮುಷ್ಕರಗಾರರು ಗಣಿಯ ದಾರಿಯಲ್ಲಿ ಪಹರೆ ನಿಲ್ಲಬಾರದೆಂದು ತಡೆಯಾಜ್ಞೆ ಕೊಟ್ಟಿತು. ಆಜ್ಞೆ ಬಿದ್ದದ್ದು ಗಣಿಯ ಗಂಡಸರಿಗೆ ತಾನೆ? ಅವರ ಹೆಂಡಂದಿರು ಬಂದು ಆ ಜಾಗದಲ್ಲಿ ನಿಂತರು. ಗಂಡಸರು ಮನೆಯಲ್ಲಿ ಸೌದೆ ಒಡೆದು ಬಟ್ಟೆ ಒಗೆದರು. ಹೆಂಗಸರನ್ನೂ ಮಕ್ಕಳನ್ನೂ ಜೈಲಿಗೆ ನೂಕಿದರೂ ಸಾಲು ಕದಲಲಿಲ್ಲ. ಹದಿನೈದು ತಿಂಗಳ ನಂತರ 1952ರ ಜನವರಿಯಲ್ಲಿ ಒಪ್ಪಂದವಾಯಿತು.

ಈ ನಿಜ ಸಂಗತಿಯನ್ನೇ ಚಿತ್ರ ಮಾಡಿದವರು ಕಪ್ಪುಪಟ್ಟಿಗೆ ಬಿದ್ದವರು. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್ ಸಮಿತಿಗೆ ಉತ್ತರ ಕೊಡದೆ ಜೈಲು ಕಂಡುಬಂದವರು. ನಿರ್ಮಾಪಕ ಪಾಲ್ ಜಾರಿಕೊ. ಬರೆದವರು ಮೈಕೆಲ್ ವಿಲ್ಸನ್. ಅವರು ಹಿಂದೆ ‘ಎ ಪ್ಲೇಸ್ ಇನ್ ದಿ ಸನ್’ ಚಿತ್ರಕಥೆಗೆ ಆಸ್ಕರ್ ಪಡೆದವರೇ. ಕೆಲವೇ ನಟರನ್ನು ಬಿಟ್ಟರೆ ಪಾತ್ರ ಮಾಡಿದವರೆಲ್ಲ ಗಣಿಯ ಕಾರ್ಮಿಕರು, ಅವರ ಹೆಂಡಿರು ಮಕ್ಕಳು. ನಾಯಕನ ಪಾತ್ರ ಅಲ್ಲಿಯ ಸಂಘದ ಅಧ್ಯಕ್ಷ ಹುವಾನ್ ಚಕೋನರದು. ಮನೆಗೆ ನೀರು, ನೈರ್ಮಲ್ಯ ಬೇಕೆಂಬ ಹೆಂಗಸರ ಬೇಡಿಕೆಯನ್ನು ಗಂಡಸರು ಪಟ್ಟಿಯಿಂದ ಕೈಬಿಡುವುದನ್ನೂ, ಆಮೇಲೆ ಅದೇ ಹೆಂಗಸರು ಮುಷ್ಕರ ಉಳಿಸುವುದನ್ನೂ ಚಿತ್ರ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಮ್ಮ ಸಂಘಗಳ ಗಂಡಸರೂ ಇದನ್ನು ನೋಡಬೇಕು.

ಚಿತ್ರದ ಗತಿಯೇನಾಯಿತು? ಚಿತ್ರೀಕರಣ ನಡೆಯುತ್ತಿದ್ದಾಗಲೇ, 1953ರಲ್ಲಿ, ನಾಯಕಿ ರೊಸೌರಾ ರೆವುಎಲ್ತಾಸ್‌ರನ್ನು ವಲಸೆ ಇಲಾಖೆಯವರು ಬಂಧಿಸಿದರು. ಆಕೆ ಮೆಕ್ಸಿಕೋಗೆ ಹಿಂದಿರುಗಬೇಕಾಯಿತು. ಉಳಿದ ದೃಶ್ಯಗಳಲ್ಲಿ ಕೆಲವಕ್ಕೆ ಬೇರೆಯವರನ್ನು ನಿಲ್ಲಿಸಿದರು. ಡೊನಾಲ್ಡ್ ಜಾಕ್ಸನ್ ಎಂಬ ಸದಸ್ಯರು ಪ್ರತಿನಿಧಿ ಸಭೆಯಲ್ಲಿ ಚಿತ್ರವನ್ನು ಖಂಡಿಸಿದರು. ಚಿತ್ರೋದ್ಯಮದ ಕೋಟ್ಯಧೀಶ ಹೊವರ್ಡ್ ಹ್ಯೂಸ್, ಚಿತ್ರವನ್ನು ತಡೆಯುವ ಬಗೆಯನ್ನು ಕಾಗದ ಬರೆದು ತಿಳಿಸಿದರು: ಫಿಲ್ಮು ತೊಳೆಯುವ ಪ್ರಯೋಗಾಲಯ, ಧ್ವನಿಮುದ್ರಣ ಶಾಲೆ ಇವೆಲ್ಲ ಕೈಕೊಟ್ಟರೆ ಚಿತ್ರ ಮುಗಿಯಲಾರದು. ಹಾಗೆಯೇ ಬಾಗಿಲುಗಳು ಮುಚ್ಚಿದುವು. ಹೇಗೋ ಕದ್ದುಮುಚ್ಚಿ ಚಿತ್ರ ಮುಗಿಸಿ 1954ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದರು. ಆ ವಿಶಾಲ ದೇಶದಲ್ಲಿ ಅದಕ್ಕೆ ದೊರೆತದ್ದು ಹದಿಮೂರರಷ್ಟು ಚಿತ್ರಮಂದಿರಗಳು ಮಾತ್ರ. ಷಿಕಾಗೋದಲ್ಲಿ ಯಂತ್ರ ನಡೆಸುವ ಕೆಲಸಗಾರರೇ ಓಡಿಸಲು ಒಪ್ಪಲಿಲ್ಲ. ಅವರ ಸಂಘದ ಮುಖಂಡ ರಾಯ್ ಬ್ರೂವರ್ ಈ ಚಿತ್ರದ ಕಡುವಿರೋಧಿ. ಕಾರ್ಮಿಕರ ಚಿತ್ರವನ್ನು ಕಾರ್ಮಿಕರ ಸಂಘದ ಕೈಯಿಂದಲೇ ನಿಲ್ಲಿಸಿದರು! ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವ ಸಂಗತಿ ಇದು.

ಪೇಟೆಯ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ಸರಕು ಚೆನ್ನಾಗಿದ್ದರೆ ಸಾಲದು. ಸಗಟು ವ್ಯಾಪಾರಿ ಎತ್ತದಿದ್ದರೆ, ಲಾರಿಯವನು ಹೇರದಿದ್ದರೆ, ಅಂಗಡಿಯ ಕಟ್ಟೆಗೆ ಬಾರದ ಸರಕನ್ನು ಗಿರಾಕಿ ಬೇಡವೆಂದನೆಂದು ಹೇಳುವುದು ಹೇಗೆ? ‘ಸಾಲ್ಟ್ ಆಫ್ ದಿ ಅರ್ಥ್’ ಚಿತ್ರವನ್ನು ಅಮೆರಿಕಾದ ಜನ ಬೇಡವೆನ್ನಲಿಲ್ಲ. ಜನರಿಗೆ ಅದನ್ನು ತೋರಿಸಲೇ ಇಲ್ಲ. ಒಂದು ನಾಮಕರಣವೂ ಅದಕ್ಕೆ ಬರಲಿಲ್ಲವೆಂದರೆ ಆಶ್ಚರ್ಯವೇನು?

ಪಟ್ಟಿಗೆ ಬಂದರೂ ಎಲ್ಲರಿಗೂ ಬಾಗಿಲು ಒಂದೇ ಸಮನೆ ತೆರೆಯಲಿಲ್ಲ. ಅದೇ ವರ್ಷ ‘ಕಾರ್ಮೆನ್ ಜೋನ್ಸ್’ ಚಿತ್ರಕ್ಕಾಗಿ ಡೊರೋಥಿ ಡ್ಯಾಂಡ್ರಿಜ್ ಶ್ರೇಷ್ಠ ನಟಿಯ ಪಟ್ಟಿಗೆ ಬಂದರು. ಕರಿಯ ಜನಾಂಗದ ಹೆಣ್ಣುಮಗಳೊಬ್ಬಳು ಆ ಪಟ್ಟಿ ಕಂಡದ್ದು ಅದೇ ಮೊದಲು. ಪ್ರಶಸ್ತಿ ಹೋದದ್ದು ‘ದಿ ಕಂಟ್ರಿ ಗರ್ಲ್’ ಚಿತ್ರದ ಗ್ರೇಸ್ ಕೆಲ್ಲಿಗೆ. ಕರಿಯ ನಟಿಯೊಬ್ಬರು ಆ ಪ್ರಶಸ್ತಿ ಪಡೆಯಲು 2002ರವರೆಗೆ, ನಲವತ್ತೇಳು ವರ್ಷ ಕಾಯಬೇಕಾಯಿತು.

ಈ ಪ್ರಶಸ್ತಿ ಕೊಡುವ ಅಕಾಡೆಮಿಯ ಹುಟ್ಟನ್ನೂ ತಿಳಿಯಬೇಕು. ಅದು 1927ರಲ್ಲಿ ಎಂ.ಜಿ.ಎಂ. ಕಂಪೆನಿಯ ಲೂಯಿ ಬಿ. ಮೇಯರ್ ಅವರ ಮುಂದಾಳುತನದಲ್ಲಿ ಹುಟ್ಟಿತು. ಹಿಂದಿನ ವರ್ಷ ಸ್ಟುಡಿಯೋದ ಕುಶಲಕರ್ಮಿಗಳ ಸಂಘಗಳು ಮಾಲಿಕರಿಂದ ಒಪ್ಪಂದ ಪಡೆದಿದ್ದವು. ನಟರೂ ಲೇಖಕರೂ ಅದೇ ದಾರಿ ಹಿಡಿಯಬಾರದು, ಅವರ ದೂರುಗಳನ್ನು ಮಾಲಿಕರೂ ಕೂತಿರುವ ಒಂದೇ ಸಂಸ್ಥೆಯಲ್ಲಿ ತೀರಿಸಬೇಕು ಎಂಬುದು ಅಂದಿನ ಒಂದು ಉದ್ದೇಶ. ಮಾಲಿಕರೇ ಕಟ್ಟಿಕೊಡುವ ಸಂಘದ ರುಚಿ ನಮ್ಮ ಗಿರಣಿಯ ಗೆಳೆಯರಿಗೆ ಗೊತ್ತೇ ಇದೆ. 1933ರಲ್ಲಿ ಸ್ಟುಡಿಯೋಗಳು ಸಂಬಳ ಕಡಿತ ಮಾಡಿದ ಮೇಲೆ ನಟರೂ ಲೇಖಕರೂ ಅಕಾಡೆಮಿಯ ಆಸೆ ಬಿಟ್ಟು ಸ್ವಂತ ಸಂಘ ಕಟ್ಟಿದರು. 1936ರಲ್ಲಿ ಡಡ್ಲಿ ನಿಕೋಲ್ಸ್ ಎಂಬ ಲೇಖಕರು ತಮಗೆ ಬಂದ ಆಸ್ಕರನ್ನು ಸಂಘದ ಪರವಾಗಿ ಒಲ್ಲೆನೆಂದರು. ಅಂಥವರೂ ಅಲ್ಲಿ ಇದ್ದರು.

1955ರ ಆ ಸಂಜೆಯ ನಂತರ ನಡೆದುದನ್ನೂ ಹೇಳಿ ಮುಗಿಸುತ್ತೇವೆ. 1957ರ ಫೆಬ್ರವರಿಯಲ್ಲಿ ಅಕಾಡೆಮಿಯು, ವಿಚಾರಣಾ ಸಮಿತಿಗೆ ಉತ್ತರ ಕೊಡದವರಿಗೆ ಪ್ರಶಸ್ತಿಯ ಅರ್ಹತೆಯೇ ಇಲ್ಲವೆಂದು ನಿಯಮ ಮಾಡಿತು. ಆ ವರ್ಷ ‘ಫ್ರೆಂಡ್ಲಿ ಪರ್ಸುಯೇಷನ್’ ಚಿತ್ರಕಥೆ ನಾಮಕರಣಕ್ಕೆ ಬಂತು, ಬರೆದವನು ಅರ್ಹನಲ್ಲ ಎಂಬ ಷರಾ ಸಹಿತ. ಬರೆದವರು ಅದೇ ಮೈಕೆಲ್ ವಿಲ್ಸನ್. ಮರು ವರ್ಷ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ಬರೆದವರು ವಿಲ್ಸನ್ ಮತ್ತು ಕಾರ್ಲ್ ಫೋರ್‌ಮನ್, ಇಬ್ಬರೂ ಕಪ್ಪುಪಟ್ಟಿಯವರು. ಹೆಸರು ಹಾಕಿದ್ದು ಮೂಲ ಕಾದಂಬರಿಕಾರ, ಫ್ರೆಂಚ್ ಲೇಖಕ ಪಿಯರ್ ಬೂಲ್ ಅವರದು. ನಿಯಮವನ್ನು 1959ರ ಜನವರಿಯಲ್ಲಿ ರದ್ದು ಮಾಡಿದರು. ವಿಲ್ಸನ್ 1978ರಲ್ಲಿ ತೀರಿಕೊಂಡರು. ಕ್ವಾಯ್ ಚಿತ್ರದ ಆಸ್ಕರ್ ಅವರ ಹೆಸರಿಗೆ ಬಂದದ್ದು ಅದಾದ ಮೇಲೆ. ದುಡಿದವನು ಮಣ್ಣಾದ ಮೇಲೆ ಬಾಕಿ ಕೂಲಿ ಚುಕ್ತಾ ಮಾಡಿದಂತಾಯಿತು.

‘ಸಾಲ್ಟ್ ಆಫ್ ದಿ ಅರ್ಥ್’ ಮಾಡಿದವರು ತಮ್ಮ ಚಿತ್ರವನ್ನು ಒಟ್ಟುಗೂಡಿ ತಡೆದವರ ಮೇಲೆ 1956ರಲ್ಲಿ ದಾವೆ ಹೂಡಿ 1964ರಲ್ಲಿ ಸೋತರು. ಆದರೆ ಚಿತ್ರ ಸೋಲಲಿಲ್ಲ. ಸಂಘಗಳ ಸಭೆಗಳಲ್ಲಿ, ಕಾಲೇಜುಗಳಲ್ಲಿ, ಹೆಂಗಸರ ಕೂಟಗಳಲ್ಲಿ ಅದು ಓಡುತ್ತ ಬಂತು. ಜತನವಾಗಿ ಉಳಿಸಬೇಕಾದ ಚಿತ್ರಗಳೆಂದು ಅಮೆರಿಕಾ ದೇಶವೇ ಇಟ್ಟಿರುವ ಪಟ್ಟಿಯಲ್ಲಿ ‘ಆನ್ ದ ವಾಟರ್‌ಫ್ರಂಟ್’ 1989ರಲ್ಲಿ ಸೇರಿತು, ‘ಸಾಲ್ಟ್ ಆಫ್ ದಿ ಅರ್ಥ್’ 1992ರಲ್ಲಿ ಸೇರಿತು. ಎಂಟು ಪ್ರಶಸ್ತಿಯ ಚಿತ್ರಕ್ಕೂ ಒಂದೂ ಇಲ್ಲದ ಚಿತ್ರಕ್ಕೂ ನಡುವೆ ಕಡೆಗೆ ಉಳಿದ ಅಂತರ ಮೂರೇ ವರ್ಷ. 1999ರಲ್ಲಿ ಕಜಾನರಿಗೆ ಜೀವಮಾನದ ಸೇವೆಗಾಗಿ ಗೌರವ ಆಸ್ಕರ್ ಕೊಟ್ಟಾಗ ಸಭೆಯಲ್ಲಿ ಹಲವರು ಕೈತಟ್ಟದೆ ಕುಳಿತಿದ್ದರು. ಜನ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಪ್ರಶಸ್ತಿಗಳನ್ನು ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. ಬಹುಮಾನ ಬಂದ ಚಿತ್ರ ಊರಿಗೆ ಬಂದರೆ ನೋಡಿರಿ, ಚೆನ್ನಾಗಿದ್ದರೆ ಹೊಗಳಿರಿ. ಆದರೆ ಹಾಲಿವುಡ್ಡಿನದಾಗಲಿ, ನಮ್ಮ ಸರ್ಕಾರಗಳದಾಗಲಿ, ಯಾವ ಪಟ್ಟಿ ಕೈಗೆ ಬಂದರೂ ಮೂರು ಮಾತು ಕೇಳಿರಿ. ಇದಕ್ಕೆ ಮತ ಹಾಕಿದವರು ಯಾರು? ಅವರ ಅನ್ನ ಯಾರ ಕೈಯಲ್ಲಿದೆ? ಅವರ ಮುಂದೆ ಬಾರದಂತೆ ದಾರಿಯಲ್ಲೇ ನಿಂತುಹೋದ ಚಿತ್ರ ಯಾವುದು? ಮೂರನೆಯದಕ್ಕೆ ಉತ್ತರ ಪತ್ರಿಕೆಯಲ್ಲಿ ಸಿಕ್ಕುವುದಿಲ್ಲ. ಅದನ್ನು ನಾವೇ ಹುಡುಕಿ ತರಬೇಕು. ಅಂಥ ಚಿತ್ರಕ್ಕೆ ಟಾಕೀಸು ಸಿಕ್ಕದಿದ್ದರೆ ಸಂಘದ ಕೋಣೆಯ ಗೋಡೆಗೆ ಒಂದು ಬಿಳಿಯ ಪಂಚೆ ಕಟ್ಟಿದರೂ ಸಾಕು. ಹೆಂಗಸರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸೋಣ.