ಕೇಳದೆ ಉಂಡದ್ದು ಅಜ್ಞಾನವಲ್ಲ, ಪ್ರಮಾದ

ಕ್ರಿಸ್‌ಮಸ್ ರಜೆಯಲ್ಲಿ ಸಕುಟುಂಬವಾಗಿ ವಿದೇಶಪ್ರವಾಸ ಕೈಗೊಳ್ಳುವುದು ಈಗ ಮಹಾನಗರದವರಿಗಷ್ಟೇ ಮೀಸಲಾದ ವೈಭವವಾಗಿ ಉಳಿದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕ ಕುಟುಂಬಗಳೂ ಸಿಂಗಪುರಕ್ಕೆ, ಲಂಡನ್ನಿಗೆ, ಮಕ್ಕಳು ನೆಲೆಸಿರುವ ಇತರ ಊರುಗಳಿಗೆ ಹೋಗಿಬರುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಹೋಗಿಬಂದವರು ಬಸದಿಯ ಅಂಗಳದಲ್ಲಿ, ಮದುವೆಯ ಚಪ್ಪರದಲ್ಲಿ ಆಡುವ ಮಾತಿನಲ್ಲಿ ಒಂದು ದೂರು ತಪ್ಪದೆ ಇರುತ್ತದೆ. ಅಲ್ಲಿಯ ಹೋಟೆಲಿನ ಊಟ ಊಟವೇ ಅಲ್ಲವಂತೆ, ಉಪ್ಪಿಲ್ಲ, ಖಾರವಿಲ್ಲ, ಬೇಯಿಸಿದ ನಾಲ್ಕು ಹುರುಳಿಕಾಯಿಗೆ ನಮ್ಮಲ್ಲಿ ಒಂದು ವಾರದ ದಿನಸಿ ಬರುವಷ್ಟು ಹಣವಂತೆ. ದೂರಬೇಕಾದುದನ್ನು ಬಿಟ್ಟು ದೂರಬಾರದುದನ್ನು ದೂರುತ್ತಿದ್ದೇವೆಂಬುದೇ ಈ ಲೇಖನದ ವಾದ.

ರುಚಿಯ ಮಾತನ್ನು ಮೊದಲು ಮುಗಿಸಿಬಿಡೋಣ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಸಲ್ಲೇಖನ ವ್ರತದಿಂದ ಆಹಾರವನ್ನೇ ತ್ಯಜಿಸಿ ದೇಹ ಬಿಟ್ಟವರ ಶಾಸನಗಳು ಸಾವಿರ ವರ್ಷಗಳಿಗೂ ಹಿಂದಿನಿಂದ ನಿಂತಿವೆ. ಆ ನೆಲದಲ್ಲಿ ಹುಟ್ಟಿದವರು, ಕಾಸು ಕೊಟ್ಟು ವಿನೋದಕ್ಕೆಂದು ಹೋದ ಊರಿನಲ್ಲಿ ಒಂದು ಹೊತ್ತಿನ ಊಟ ಸಪ್ಪೆಯಾಯಿತೆಂದು ವರ್ಷವಿಡೀ ಗೋಳಾಡುವುದು ಶೋಭಿಸುವುದಿಲ್ಲ. ನಾಲಿಗೆಗೆ ಆದ ನಷ್ಟ ನಷ್ಟವಲ್ಲ.

ನಿಜವಾದ ಪ್ರಶ್ನೆಯೆಂದರೆ ಆ ತಟ್ಟೆಯಲ್ಲಿ ಏನಿತ್ತು ಎಂಬುದು. ತರಕಾರಿಯ ಸೂಪ್ ಎಂದು ಬಂದದ್ದರ ಮೂಲದ್ರವ ಕೋಳಿಯ ಮೂಳೆ ಬೇಯಿಸಿದ ನೀರಾಗಿರಬಹುದು. ಥಾಯ್ಲೆಂಡಿನ ಅಡಿಗೆಯಲ್ಲಿ ಮೀನಿನ ರಸ, ಮಲೇಷಿಯಾದ ಚಟ್ನಿಯಲ್ಲಿ ಸೀಗಡಿಯ ಹಿಟ್ಟು, ಜಪಾನಿನ ಸಾರಿನಲ್ಲಿ ಒಣಮೀನು ಉಪ್ಪುಹುಳಿಗಳಂತೆ ಸಹಜವಾಗಿ ಬೆರೆಯುತ್ತವೆ. ಇಟಲಿಯ ಪಾರ್ಮೆಸಾನ್ ಗಿಣ್ಣಿನಲ್ಲಿ ಹಾಲು ಒಡೆಸುವುದು ಕರುವಿನ ಜಠರದ ಕಿಣ್ವ. ಇಂಗ್ಲೆಂಡಿನ ಕ್ರಿಸ್‌ಮಸ್ ಪುಡಿಂಗ್ ನೋಡಲು ದ್ರಾಕ್ಷಿಯ ಸಿಹಿತಿಂಡಿ. ಸಾಂಪ್ರದಾಯಿಕ ಪಾಕದಲ್ಲಿ ಅದಕ್ಕೆ ದನದ ಕೊಬ್ಬು ಸೇರುತ್ತದೆ. ಇವೆಲ್ಲವೂ ಗುಟ್ಟಿನ ಸಂಗತಿಗಳಲ್ಲ. ಕೇಳಿದವರಿಗೆ ಅಡಿಗೆಯವರು ಹೇಳುತ್ತಾರೆ.

ನಾವು ಕೇಳುವುದಿಲ್ಲ. ಊರಿಗೆ ಮರಳಿದ ಮೇಲೆ ಯಾರಾದರೂ ತಿಳಿದವರು ಹೇಳಿದರೆ, ‘ಗೊತ್ತಿರಲಿಲ್ಲ, ಗೊತ್ತಿಲ್ಲದೆ ಮಾಡಿದ್ದಕ್ಕೆ ಪಾಪವಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನಕ್ಕೆ ಆಗಮದ ಆಧಾರವಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನು ಮಾತ್ರ ಹೇಳಿ ನಿಲ್ಲಿಸಲಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದಕ್ಕೆ ಜೋಡಿಸಿದರು. ಎಚ್ಚರವಹಿಸಿದವನಿಂದ ಅರಿವಿಲ್ಲದೆ ಆದದ್ದು ಒಂದು. ಎಚ್ಚರವಹಿಸಲು ಒಲ್ಲದವನಿಂದ ಆದದ್ದು ಇನ್ನೊಂದು. ಒಂದು ಪ್ರಶ್ನೆಯಿಂದ ತಿಳಿಯಬಹುದಾಗಿದ್ದುದನ್ನು ತಿಳಿಯದೆ ಉಳಿಸಿಕೊಂಡರೆ ಅದು ಅಜ್ಞಾನವಲ್ಲ, ಪ್ರಮಾದ.

ನಂಬಿಸಿ ಮೋಸಮಾಡಿದ ಪ್ರಸಂಗಗಳೂ ಇಲ್ಲದಿಲ್ಲ. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆ 1990ರಲ್ಲಿ ತನ್ನ ಆಲೂಗಡ್ಡೆಯ ಕರಿದ ತಿಂಡಿಗೆ ಸಸ್ಯಜನ್ಯ ಎಣ್ಣೆ ಬಳಸುವುದಾಗಿ ಸಾರಿತು. ಅದರಲ್ಲಿ ಗೋಮಾಂಸಮೂಲದ ಪರಿಮಳದ್ರವ್ಯ ಉಳಿದೇ ಇತ್ತೆಂದು 2001ರಲ್ಲಿ ಸಸ್ಯಾಹಾರಿಗಳು ನ್ಯಾಯಾಲಯದ ಮೊರೆಹೊಕ್ಕರು. 2002ರಲ್ಲಿ ಸಂಸ್ಥೆ ಕ್ಷಮೆ ಕೋರಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಇಲ್ಲಿ ದೋಷ ಮಾರಿದವರದು. ಆದರೆ ಕೇಳದೆಯೇ ಉಂಡವರು ಈ ನಿದರ್ಶನವನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ. ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ನಮಗೆ ಉಪಕಾರ ಮಾಡಿದೆ, ನಿಜ. ಕೇಳುವ ಅಭ್ಯಾಸವನ್ನೂ ಅದು ಮರೆಸಿದೆ. ಆ ಚುಕ್ಕೆಯಿಲ್ಲದ ನಾಡಿನಲ್ಲಿ ನಮ್ಮ ಬಾಯೇ ಚುಕ್ಕೆಯಾಗಬೇಕು.

ಕೇಳದಿರಲು ಕಾರಣ ನಾಚಿಕೆ. ಮಾಣಿ ಏನೆಂದುಕೊಂಡಾನು, ಪಕ್ಕದ ಮೇಜಿನವರು ನಕ್ಕಾರು ಎಂಬ ಅಳುಕು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದ ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಜೈನ ಸಾಧು ಬೇಚರಜೀ ಸ್ವಾಮಿಗಳ ಮುಂದೆ ಮಾಂಸ ಮುಟ್ಟುವುದಿಲ್ಲವೆಂದು ಪ್ರತಿಜ್ಞೆಮಾಡಿದ್ದ ಆ ಯುವಕನನ್ನು ಮಿತ್ರನೊಬ್ಬ ಹೋಲ್ಬೋರ್ನ್ ಎಂಬ ಭಾರಿ ಹೋಟೆಲಿಗೆ ಕರೆದೊಯ್ದ. ಸೂಪ್ ಬಂದಾಗ, ಅದು ತರಕಾರಿಯದೇ ಎಂದು ವಿಚಾರಿಸಲು ಯುವಕ ಮಾಣಿಯನ್ನು ಕರೆದ. ಮಿತ್ರ ಸಿಡುಕಿದ, ಹೊರಗೆ ಹೋಗೆಂದ. ಗಾಂಧಿ ಸಂತೋಷದಿಂದಲೇ ಎದ್ದು ಹೋದರು. ಹತ್ತಿರದ ಸಸ್ಯಾಹಾರಿ ಹೋಟೆಲು ಮುಚ್ಚಿತ್ತು. ಆ ರಾತ್ರಿ ಉಪವಾಸ. ಅದರಿಂದ ಅವರ ಮರ್ಯಾದೆ ಕುಂದಿತೆ? 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಜೈನಧರ್ಮದ ಪ್ರತಿನಿಧಿಯಾಗಿ ಹೋದ ವೀರಚಂದ ಗಾಂಧಿಯವರೂ ನಮಗಿಂತ ದುರ್ಗಮವಾದ ಪರದೇಶವನ್ನೇ ಕಂಡವರು.

ಇನ್ನು ಕೆಲವರು ಆಪದ್ಧರ್ಮದ ಮಾತೆತ್ತುತ್ತಾರೆ. ಕ್ಷಾಮ, ರೋಗ, ಯುದ್ಧಗಳು ಆಪತ್ತು. ಆರು ತಿಂಗಳು ಮೊದಲೇ ಮುಂಗಡ ಕೊಟ್ಟು ಹೊರಟ ವಿಹಾರ ಯಾವ ಲೆಕ್ಕದಲ್ಲಿ ಆಪತ್ತು?

ಎಲ್ಲಕ್ಕಿಂತ ನೋವಿನ ಸಂಗತಿ ಬೇರೊಂದಿದೆ. ನಮಗೆ ಪರಿಚಿತವಾದ ಕುಟುಂಬವೊಂದು ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿಗೆ ಹೋಗಿತ್ತು. ಜೊತೆಯಲ್ಲಿದ್ದ ಅಜ್ಜಿ ರಾತ್ರಿಭೋಜನ ತ್ಯಾಗದ ವ್ರತಸ್ಥೆ, ಕಂದಮೂಲ ಮುಟ್ಟದವರು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಸಂಜೆ ನಾಲ್ಕಕ್ಕೆ ಮುಂಚೆಯೇ ಮುಳುಗುತ್ತಾನೆ. ಹೋಟೆಲಿನಲ್ಲಿ ಮೇಜು ಕಾಯ್ದಿರಿಸಿದ್ದು ಏಳು ಗಂಟೆಗೆ. ಬಂದ ತಟ್ಟೆಯ ತುಂಬ ಆಲೂಗಡ್ಡೆ ಮತ್ತು ಕ್ಯಾರೆಟ್. ಮಕ್ಕಳು ಮೊಮ್ಮಕ್ಕಳು ಉಂಡರು, ಊಟ ಸಪ್ಪೆಯೆಂದು ಗೊಣಗಿದರು. ಆ ತಾಯಿ ತುಟಿಪಿಟಕ್ಕೆನ್ನದೆ ಕೈಕಟ್ಟಿ ಕುಳಿತರು. ಊರಿಗೆ ಬಂದ ಮೇಲೆ ಬಿಲ್ಲಿನ ಮೊತ್ತವನ್ನು ಎಲ್ಲರೂ ಹೇಳಿದರು. ಅಜ್ಜಿ ಹಸಿದದ್ದನ್ನು ಒಬ್ಬರೂ ಹೇಳಲಿಲ್ಲ. ಸೂರ್ಯಾಸ್ತದ ವೇಳೆ ಪಂಚಾಂಗದಲ್ಲಿರುವ ಸಂಗತಿ; ಸಿಂಗಪುರದಲ್ಲಿ ಅದು ಡಿಸೆಂಬರಿನಲ್ಲಿ ಸುಮಾರು ಏಳು ಗಂಟೆ, ಮೆಲ್ಬರ್ನಿನಲ್ಲಿ ಎಂಟೂವರೆಯ ಮೇಲೆ. ವಿಮಾನದ ವೇಳೆಯನ್ನು ನಿಮಿಷಕ್ಕೆ ಸರಿಯಾಗಿ ನೋಡುವ ಮಗನಿಗೆ ಇದನ್ನು ನೋಡುವುದು ಭಾರವಾಯಿತೆ? ಹಿರಿಯರ ವ್ರತವನ್ನು ಅವರೊಬ್ಬರ ಹಟವೆಂಬಂತೆ ಕಾಣುವುದು ಅವರನ್ನು ಪಂಕ್ತಿಯಿಂದ ಎಬ್ಬಿಸಿದಂತೆಯೇ.

ಹಾಗೆಂದು ಮಾಣಿಯ ಮೇಲೆ ಹರಿಹಾಯುವುದೂ ಧರ್ಮವಲ್ಲ. ಹಬ್ಬದ ದಿನ ತನ್ನ ಮನೆಮಂದಿಯನ್ನು ಬಿಟ್ಟು ನಮಗೆ ಬಡಿಸಲು ನಿಂತವನು ಅವನು. ಅವನ ಮೇಲಿನ ಕ್ರೋಧ, ನಾವು ಶುದ್ಧರೆಂಬ ಮಾನ, ಇವೆರಡೂ ಕಷಾಯಗಳೇ. ‘ವೆಜಿಟೇರಿಯನ್’ ಎಂಬ ಒಂದು ಶಬ್ದವನ್ನು ಎಸೆದು ಸುಮ್ಮನಾಗದೆ, ಏನನ್ನು ತಿನ್ನುವುದಿಲ್ಲವೆಂಬುದನ್ನು ಬಿಡಿಬಿಡಿಯಾಗಿ, ಸೌಮ್ಯವಾಗಿ ಹೇಳಬೇಕು. ಬ್ರಿಟನ್ ಮತ್ತು ಯುರೋಪಿನಲ್ಲಿ 2014ರ ಡಿಸೆಂಬರಿನಿಂದ ಒಗ್ಗದ ಪದಾರ್ಥಗಳಾದ ಹದಿನಾಲ್ಕರ ಬಗ್ಗೆ ಹೋಟೆಲಿನವರು ಮಾಹಿತಿ ಕೊಡಲೇಬೇಕೆಂಬ ಕಾನೂನಿದೆ. ಮೀನು, ಸೀಗಡಿ, ಮೊಟ್ಟೆ ಆ ಪಟ್ಟಿಯಲ್ಲಿವೆ. ಕೋಳಿ, ದನ, ಜೆಲಟಿನ್ ಇಲ್ಲ. ಆದ್ದರಿಂದ ಪಟ್ಟಿ ನೋಡಿ ತೃಪ್ತರಾಗದೆ ಕೇಳಲೇಬೇಕು.

ಪರದೇಶದಲ್ಲಿ ನಾವು ಒಂಟಿಯೂ ಅಲ್ಲ. ಸಿಂಗಪುರದ ಚೀನೀ ಬೌದ್ಧರ ಸಸ್ಯಾಹಾರಿ ಭೋಜನಶಾಲೆಗಳಲ್ಲಿ ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಥಾಯ್ಲೆಂಡಿನಲ್ಲಿ ‘ಜೇ’ ಎಂಬ ಕೆಂಪಕ್ಷರದ ಹಳದಿ ಬಾವುಟ ಕಂಡಲ್ಲಿ ಅದೇ ನಿಯಮ. ಗೆಡ್ಡೆಗಳ ವಿಚಾರ ಮಾತ್ರ ಕೇಳಿಯೇ ತಿಳಿಯಬೇಕು. ಬೇರೆ ಧರ್ಮದ ಜನ ತಮ್ಮ ವ್ರತವನ್ನು ಬೀದಿಯಲ್ಲಿ ಬಾವುಟ ಕಟ್ಟಿ ಸಾರುತ್ತಿರುವಾಗ, ಗೊಮ್ಮಟನ ನಾಡಿನವರು ಮೇಜಿನ ಮುಂದೆ ಪಿಸುಗುಟ್ಟಲೂ ಅಂಜುವುದೇಕೆ?

ಶ್ರಾವಕ ಬಾಂಧವರೇ, ಹೋಗಿ, ಲೋಕವನ್ನು ನೋಡಿ. ಸಪ್ಪೆಯಾದದ್ದನ್ನು ಸಪ್ಪೆಯಾಗಿಯೇ ಉಣ್ಣಿ. ಒಗ್ಗುವುದೇನೂ ಸಿಗದಿದ್ದರೆ ಹಣ್ಣು ತಿಂದು ಮಲಗಿ. ಪರ್ವದಿನಗಳಲ್ಲಿ ಉಪವಾಸವಿದ್ದು ರೂಢಿಯಿರುವವರಿಗೆ ಅದು ಕಷ್ಟವಲ್ಲ. ಆದರೆ ಕೇಳದೆ ಉಣ್ಣಬೇಡಿ. ವ್ರತಸ್ಥರಾದ ಹಿರಿಯರು ಖಾಲಿ ತಟ್ಟೆಯ ಮುಂದೆ ಕುಳಿತಿರುವಾಗ ನೀವು ಮೊದಲ ತುತ್ತನ್ನು ಎತ್ತಬೇಡಿ.