ಶೀತದೇಶದಲ್ಲಿ ಕೈತೋಟ

ಕನ್ನಡನಾಡಿನ ಹೆಣ್ಣುಮಕ್ಕಳು ವಿದ್ಯೆ, ಉದ್ಯೋಗ, ಸಂಸಾರಗಳ ನಿಮಿತ್ತ ಇಂಗ್ಲೆಂಡು ಮೊದಲಾದ ಶೀತದೇಶಗಳಿಗೆ ಹೋಗಿ ನೆಲಸುವುದು ಈಗ ಅಪರೂಪವಲ್ಲ. ಅಂಥವರು ಅಲ್ಲಿಯೂ ಕೈತೋಟ ಮಾಡಲೇಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಊರಿನ ಪಂಚಾಂಗವನ್ನೇ ಅಲ್ಲಿಯೂ ನಂಬಿದರೆ ತೋಟ ಕೈಗೂಡದು.

ಶಹಾಪುರ ಸೀಮೆಯ ಶಿರವಾಳದಲ್ಲಿ ಬಿತ್ತನೆಗೆ ಅಪ್ಪಣೆ ಕೊಡತಕ್ಕದ್ದು ಮಳೆ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ನೀರೊಂದಿದ್ದರೆ ಹಿತ್ತಲಲ್ಲಿ ವರ್ಷವಿಡೀ ಏನಾದರೊಂದು ಚಿಗುರುತ್ತದೆ. ಇಂಗ್ಲೆಂಡಿನಲ್ಲಿ ಆ ಅಧಿಕಾರ ಹಿಮದ್ದು. ಏಪ್ರಿಲ್ ತಿಂಗಳ ಬಿಸಿಲನ್ನು ನಂಬಿ ಬದನೆ, ಮೆಣಸಿನಕಾಯಿಯ ಸಸಿಗಳನ್ನು ಹೊರಗೆ ನೆಟ್ಟರೆ ಒಂದೇ ರಾತ್ರಿಯ ಹಿಮಕ್ಕೆ ಅವು ಕಪ್ಪಾಗಿ ಸಾಯುವುವು. ಆದುದರಿಂದ ಮಾರ್ಚ್ ತಿಂಗಳಲ್ಲಿ ಕಿಟಕಿಯ ಬಳಿ ಕುಂಡದಲ್ಲಿ ಬೀಜ ಮೊಳೆಯಿಸಿ, ಮೇ ಕಡೆಯ ಹೊತ್ತಿಗೆ ಸಸಿಗಳನ್ನು ಹತ್ತು ದಿನ ಹಗಲು ಹೊರಗೂ ರಾತ್ರಿ ಒಳಗೂ ಇಟ್ಟು ಪಳಗಿಸಿ, ಆಮೇಲೆ ನೆಲಕ್ಕಿಳಿಸಬೇಕು.

ಎರಡನೆಯದು ಹಗಲಿನ ಅಳತೆ. ಶಿರವಾಳದಲ್ಲಿ ವರ್ಷದ ಅತಿ ದೀರ್ಘವಾದ ಹಗಲು 13 ಗಂಟೆಗಿಂತ ತುಸು ಹೆಚ್ಚು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ 16 ಗಂಟೆಗೂ ಮಿಕ್ಕು, ಡಿಸೆಂಬರಿನಲ್ಲಿ 8 ಗಂಟೆಗೂ ಕಡಿಮೆ. ನಮ್ಮ ನಾಟಿ ಅವರೆಯು ಹಗಲು ಕುಗ್ಗಿದಲ್ಲದೆ ಹೂಬಿಡದು. ಅಲ್ಲಿ ಬೇಸಗೆಯೆಲ್ಲ ಬಳ್ಳಿ ಹಬ್ಬಿ, ಹೂವಿನ ಹೊತ್ತಿಗೆ ಚಳಿ ಬಂದು ಬಳ್ಳಿಯನ್ನೇ ಕೊಲ್ಲುತ್ತದೆ. ಇದು ಬೆಳೆಸಿದವಳ ಕೈಗುಣದ ದೋಷವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಅಳತೆಗೆ ಕಾಯದೆ ಹೂಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಹೊರತಂದಿದ್ದಾರೆ. ಅಂಥ ಬೀಜವನ್ನು ಆರಿಸಬಹುದು. ಆದರೆ ಬೀಜವನ್ನಾಗಲಿ ಮಣ್ಣನ್ನಾಗಲಿ ಆಯಾ ದೇಶದ ಕಾಯಿದೆ ವಿಚಾರಿಸದೆ ಒಯ್ಯಬಾರದು. ಅವುಗಳೊಡನೆ ರೋಗಕೀಟಗಳೂ ಹೋಗುತ್ತವೆ.

ಊರಿನ ಬೆಳೆ ಬಾರದ ಕಡೆ ತೋಟವೇಕೆಂದು ಕೆಲವರು ಕೇಳಬಹುದು. ಮೆಂತ್ಯ, ಕೊತ್ತಂಬರಿಗಳಿಗೆ ಅಲ್ಲಿಯ ತಂಪು ಒಗ್ಗುತ್ತದೆ. ಕರಿಬೇವನ್ನು ಕುಂಡದಲ್ಲಿ ಬೆಳೆಸಿ ಚಳಿಗಾಲದಲ್ಲಿ ಮನೆಯೊಳಗೆ ಕಾಪಾಡಬಹುದು. ಇದಕ್ಕಿಂತ ಮುಖ್ಯವಾದುದೊಂದುಂಟು. ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುತ್ತಿದ್ದವಳು ಪರದೇಶದಲ್ಲಿ ನುಡಿಯೂ ನೆರೆಯೂ ಹೊಸತಾಗಿ, ಏನೂ ಅರಿಯದವಳಂತೆ ಮನೆಯ ಮೂಲೆ ಸೇರುವುದುಂಟು. ತೋಟವು ಅವಳನ್ನು ಹೊರಗೆ ಕರೆಯುತ್ತದೆ. ಅಲ್ಲಿ ಪುರಸಭೆಗಳವರು ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ, ಹಿಮ ಎಂದಿಗೆ ನಿಲ್ಲುವುದೆಂದು ಪಕ್ಕದ ಹಿರಿಯಳನ್ನು ಕೇಳುವುದೇ ಸ್ನೇಹಕ್ಕೆ ಮೊದಲು. ಹೀಗೆ ಕಲಿತವಳು ಮರುವರ್ಷ ಮೆಂತ್ಯದ ಪಲ್ಯವನ್ನು ಆಕೆಗೆ ಕಲಿಸಿಯಾಳು.

ಹೊಸದಾಗಿ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ಕ್ರುಂಬಿಗೆಲ್ಲರು 1893ರಲ್ಲಿ ಭಾರತಕ್ಕೆ ಬಂದರು. ಅಂಥ ನಿಪುಣರೂ ಬಿಸಿಲುನಾಡಿನ ಗಿಡಮರಗಳನ್ನು ಅರಿತೇ 1908ರಿಂದ ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸಿದರು.

ಆದಕಾರಣ ಹೆಣ್ಣುಮಕ್ಕಳ ಶಾಲೆಗಳಲ್ಲಿ ತೋಟದ ಪಾಠವು ಬರಿಯ ನೀರೆರೆಯುವ ಕೆಲಸವಾಗದೆ, ಮಣ್ಣು, ಹಗಲು, ಋತುಗಳನ್ನು ಗಮನಿಸುವ ವಿದ್ಯೆಯಾಗಬೇಕೆಂದು ನಾವು ಬಯಸುತ್ತೇವೆ. ಶಿರವಾಳದ ಎರೆಯಲ್ಲಿ ಇದನ್ನು ಕಲಿತವಳಿಗೆ ಹಿಮದ ನೆಲವೂ ಒಲಿಯುವುದು.