ಶಿಕ್ಷೆ ತಪ್ಪಿಗಿರಲಿ, ದೇಹಕ್ಕಲ್ಲ

ದ್ಯುತಿ ಚಾಂದ್ ಹೆಸರು ಕೇಳಿದರೆ ಈಗ ಜನರಿಗೆ ಎರಡು ಸಂಗತಿಗಳು ಒಟ್ಟಿಗೇ ನೆನಪಾಗುತ್ತವೆ. ದೇಹದಲ್ಲಿ ಟೆಸ್ಟೊಸ್ಟೆರಾನ್ ಅಂಶ ಹೆಚ್ಚಿದೆ ಎಂಬ ಕಾರಣಕ್ಕೆ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಅವರನ್ನು ಕೈಬಿಟ್ಟದ್ದು ಮೊದಲನೆಯದು. 2022ರ ಡಿಸೆಂಬರ್‌ನಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷಗಳ ನಿಷೇಧಕ್ಕೆ ಗುರಿಯಾದದ್ದು ಎರಡನೆಯದು. ಎರಡರಲ್ಲೂ ಪರೀಕ್ಷೆ ಇದೆ, ಎರಡರಲ್ಲೂ ಹಾರ್ಮೋನಿನ ಮಾತಿದೆ, ಎರಡರಲ್ಲೂ ಓಟ ನಿಂತಿದೆ. ಹಾಗಾಗಿ ಇವೆರಡನ್ನೂ ಒಂದೇ ದಾರಕ್ಕೆ ಪೋಣಿಸಿ, ‘ಅಂದೇ ಅನುಮಾನವಿತ್ತು, ಈಗ ನಿಜವಾಯಿತು’ ಎಂದುಬಿಡುವುದು ಸುಲಭ. ಹಾಗೆ ಹೇಳುವವರಲ್ಲಿ ಕ್ರೀಡೆಯನ್ನು ಚೆನ್ನಾಗಿ ಬಲ್ಲವರೂ ಇದ್ದಾರೆ. ಈ ಮಾತು ತಪ್ಪು. ಮುಂದೆ ಓಡಲಿರುವ ಹುಡುಗಿಯರ ಪಾಲಿಗೆ ಅಪಾಯಕಾರಿಯೂ ಹೌದು. ಮೊದಲ ಪ್ರಕರಣದಲ್ಲಿ ಕಟಕಟೆ ಹತ್ತಿದ್ದು ಅವರು ಹುಟ್ಟಿನಿಂದ ಪಡೆದ ದೇಹ. ಎರಡನೆಯದರಲ್ಲಿ ಆ ದೇಹದೊಳಗೆ ಹೊರಗಿನಿಂದ ಸೇರಿದ ವಸ್ತು. ಎರಡನೆಯದರ ಕಳಂಕವನ್ನು ಮೊದಲನೆಯದಕ್ಕೆ ಮೆತ್ತಿದರೆ, ಕಷ್ಟಪಟ್ಟು ಗೆದ್ದ ಒಂದು ನ್ಯಾಯವೇ ನಮ್ಮ ಕೈತಪ್ಪುತ್ತದೆ.

ಒಡಿಶಾದ ಜಾಜ್‌ಪುರ ಜಿಲ್ಲೆಯ ಚಾಕಾ ಗೋಪಾಲಪುರ ದ್ಯುತಿ ಅವರ ಊರು. ನೇಕಾರಿಕೆ ಮನೆಯ ಕಸುಬು. 2013ರಲ್ಲಿ ಡೊನೆಟ್‌ಸ್ಕ್‌ನಲ್ಲಿ ನಡೆದ ವಿಶ್ವ ಯೂತ್ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್ ಫೈನಲ್ ತಲುಪಿದಾಗ ಅವರಿಗೆ 17 ವರ್ಷ. ಜಾಗತಿಕ ಅಥ್ಲೆಟಿಕ್ಸ್ ಕೂಟವೊಂದರಲ್ಲಿ ಆ ಓಟದ ಫೈನಲ್‌ಗೆ ಬಂದ ಮೊದಲ ಭಾರತೀಯರು ಅವರೇ. ಮರುವರ್ಷ ತೈಪೆಯ ಏಷ್ಯನ್ ಜೂನಿಯರ್ ಕೂಟದಲ್ಲಿ 200 ಮೀಟರ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದು ಬಂದ ಬೆನ್ನಿಗೇ ಪರೀಕ್ಷೆಗಳು ಶುರುವಾದವು. ದೆಹಲಿಗೆ ಕರೆಸಿಕೊಂಡು ಅಲ್ಟ್ರಾಸೌಂಡ್ ಮಾಡಿದರು. ಆಮೇಲೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತ, ಕ್ರೋಮೊಸೋಮ್, ಎಂಆರ್‌ಐ, ಸ್ತ್ರೀರೋಗ ತಪಾಸಣೆ ಎಲ್ಲವೂ ನಡೆದವು. ಯಾವುದಕ್ಕಾಗಿ ಇದೆಲ್ಲ ಎಂಬುದು 18ರ ಆ ಹುಡುಗಿಗೆ ಗೊತ್ತಿರಲಿಲ್ಲ. ಮಾಮೂಲಿ ತಪಾಸಣೆ ಎಂದುಕೊಂಡಿದ್ದರು. ತಂಡದಲ್ಲಿ ಹೆಸರಿಲ್ಲ ಎಂಬುದು ತಿಳಿದ ಸ್ವಲ್ಪ ದಿನಗಳಲ್ಲೇ ಸುದ್ದಿ ಸೋರಿತು. ಆಸ್ಪತ್ರೆಯ ಕೋಣೆಯೊಳಗೆ ಉಳಿಯಬೇಕಿದ್ದ ವಿಷಯವನ್ನು ಪತ್ರಿಕೆಗಳು, ಟೀವಿ ಚಾನೆಲ್‌ಗಳು ಊರಿಗೆಲ್ಲ ಹಂಚಿದವು.

ಆಗ ಜಾರಿಯಲ್ಲಿದ್ದದ್ದು ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ 2011ರಲ್ಲಿ ತಂದ ನಿಯಮ. ಮಹಿಳಾ ವಿಭಾಗದಲ್ಲಿ ಓಡುವವರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಪ್ರಮಾಣ ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಔಷಧ ತೆಗೆದುಕೊಂಡೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೋ ಅದನ್ನು ಇಳಿಸಬೇಕು. ಅದೂ ಆಗದಿದ್ದರೆ ಓಟ ಬಿಡಬೇಕು. ಕಾಯಿಲೆ ಇಲ್ಲದ ದೇಹಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಲು ದ್ಯುತಿ ಒಪ್ಪಲಿಲ್ಲ. ಸ್ವಿಟ್ಜರ್‌ಲೆಂಡಿನ ಲಾಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಯಿತು. 2015ರ ಮಾರ್ಚ್‌ನಲ್ಲಿ ವಿಚಾರಣೆ ನಡೆದು ಜುಲೈನಲ್ಲಿ ಮಧ್ಯಂತರ ತೀರ್ಪು ಹೊರಬಿತ್ತು.

ಆ ತೀರ್ಪನ್ನು ನಮ್ಮಲ್ಲಿ ಹಲವರು ಕರುಣೆಯ ತೀರ್ಪು ಎಂದುಕೊಂಡಿದ್ದಾರೆ. ಬಡ ನೇಕಾರರ ಮಗಳು, ಪಾಪ, ಓಡಲಿ ಎಂದು ಬಿಟ್ಟರಂತೆ ಎಂಬ ಧಾಟಿ. ಅದರಲ್ಲಿ ಕರುಣೆ ಇಲ್ಲ, ತರ್ಕ ಇದೆ. ಗಂಡು-ಹೆಣ್ಣಿನ ಕ್ರೀಡಾ ಸಾಮರ್ಥ್ಯದ ಅಂತರದಲ್ಲಿ ಟೆಸ್ಟೊಸ್ಟೆರಾನ್ ಪಾತ್ರ ದೊಡ್ಡದು ಎಂಬುದನ್ನು ಮಂಡಳಿ ಒಪ್ಪಿತು. ದ್ಯುತಿ ಪರ ವಕೀಲರ ಎಲ್ಲ ವಾದಗಳನ್ನೂ ಅದು ಎತ್ತಿಹಿಡಿಯಲಿಲ್ಲ. ಆದರೆ ಈ ನಿಯಮ ಹೆಂಗಸರಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಹುಟ್ಟಿನಿಂದ ಬಂದ ಗುಣವನ್ನು ಆಧರಿಸಿದೆ. ಆದ್ದರಿಂದ ಮೇಲ್ನೋಟಕ್ಕೇ ತಾರತಮ್ಯದ್ದು. ಅದು ಅಗತ್ಯ ಎಂದು ಸಾಬೀತು ಮಾಡುವ ಹೊಣೆ ನಿಯಮ ಮಾಡಿದವರದು ಎಂದಿತು. ಗಂಡಸರ ಮತ್ತು ಹೆಂಗಸರ ಸಾಧನೆಯ ನಡುವೆ ಸುಮಾರು ಶೇ 10ರಿಂದ 12ರಷ್ಟು ಅಂತರವಿದೆ. ದೇಹದಲ್ಲೇ ಹೆಚ್ಚು ಟೆಸ್ಟೊಸ್ಟೆರಾನ್ ಉತ್ಪತ್ತಿಯಾಗುವ ಮಹಿಳೆಗೆ ಅಷ್ಟರ ಮಟ್ಟಿಗಿನ ಅನುಕೂಲ ಸಿಗುತ್ತದೆ ಎನ್ನಲು ಫೆಡರೇಷನ್ ಬಳಿ ಪುರಾವೆ ಇರಲಿಲ್ಲ. ಶೇ 1ರಷ್ಟೋ 3ರಷ್ಟೋ ಲಾಭವಾದರೆ ಅದು ಎತ್ತರ, ಶ್ವಾಸಕೋಶದ ಕಸುವು, ಒಳ್ಳೆಯ ಆಹಾರ ಇವುಗಳಿಂದ ಸಿಗುವ ಲಾಭಗಳ ಸಾಲಿಗೇ ಸೇರುತ್ತದೆ. ಎರಡು ವರ್ಷದೊಳಗೆ ಪುರಾವೆ ತನ್ನಿ, ಅಲ್ಲಿಯವರೆಗೆ ನಿಯಮ ಅಮಾನತಿನಲ್ಲಿರಲಿ ಎಂದು ಮಂಡಳಿ ಹೇಳಿತು. ಒಬ್ಬರ ಬದುಕಿನ ಕೆಲಸವನ್ನು ಕಿತ್ತುಕೊಳ್ಳುವ ಮೊದಲು ಕಿತ್ತುಕೊಳ್ಳುವವರು ಕಾರಣ ತೋರಿಸಬೇಕು ಎಂಬುದು ಯಾವ ಕಚೇರಿ, ಯಾವ ಕಾರ್ಖಾನೆಗೂ ಅನ್ವಯಿಸುವ ಮಾತು. ಟ್ರ್ಯಾಕ್ ಮೇಲೆ ದುಡಿದು ತಿನ್ನುವವರಿಗೆ ಅದನ್ನು ಅನ್ವಯಿಸಲು 2015ರವರೆಗೆ ಕಾಯಬೇಕಾಯಿತು.

ಹಾಗೆ ಯಾರೂ ಕಾರಣ ಕೇಳದಿದ್ದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯಲ್ಲಿ ವಿಫಲರಾದರೆಂದು ಪದಕ ಕಿತ್ತುಕೊಂಡರು. ಅವರ ಪರವಾಗಿ ಲಾಸಾನ್‌ಗೆ ಹೋದವರಿಲ್ಲ. ಕೆಲವು ವರ್ಷಗಳ ನಂತರ ಅವರು ಇಟ್ಟಿಗೆ ಭಟ್ಟಿಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದುದು ಸುದ್ದಿಯಾಯಿತು. ದ್ಯುತಿಗೂ ಶಾಂತಿಗೂ ಇದ್ದ ವ್ಯತ್ಯಾಸ ಪ್ರತಿಭೆಯದಲ್ಲ, ಜೊತೆಗೆ ನಿಂತವರದು.

ತೀರ್ಪು ಕೊಟ್ಟ ಅವಕಾಶದಲ್ಲಿ ದ್ಯುತಿ ಏನು ಮಾಡಿದರು? 2016ರ ಜೂನ್‌ನಲ್ಲಿ ಆಲ್ಮಾಟಿಯಲ್ಲಿ 11.24 ಸೆಕೆಂಡಿನಲ್ಲಿ ಓಡಿ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 1980ರ ಮಾಸ್ಕೊದಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಒಲಿಂಪಿಕ್ಸ್‌ನ ಮಹಿಳಾ 100 ಮೀಟರ್‌ಗೆ ಹೋದ ಮೊದಲ ಭಾರತೀಯರು ಅವರೇ. ರಿಯೊದಲ್ಲಿ 11.69 ತೆಗೆದುಕೊಂಡು ಹೀಟ್ಸ್‌ನಲ್ಲೇ ಹೊರಬಿದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಬಹರೇನ್‌ನ ಎಡಿಡಿಯಾಂಗ್ ಒಡಿಯಾಂಗ್ 11.30, ದ್ಯುತಿ 11.32, ಚೀನಾದ ವೇ ಯೋಂಗ್ಲಿ 11.33. ಚಿನ್ನದಿಂದ ಕಂಚಿನವರೆಗೆ ಒಟ್ಟು ಸೆಕೆಂಡಿನ ನೂರರಲ್ಲಿ ಮೂರು ಭಾಗದ ಅಂತರ. 1986ರ ಸೋಲ್ ನಂತರ ಏಷ್ಯನ್ ಕೂಟದ ಈ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಬೆಳ್ಳಿ ಅದು. 200 ಮೀಟರ್‌ನಲ್ಲೂ ಬೆಳ್ಳಿ ಬಂತು. 2021ರ ಜೂನ್‌ನಲ್ಲಿ ಪಟಿಯಾಲದಲ್ಲಿ 11.17ರ ರಾಷ್ಟ್ರೀಯ ದಾಖಲೆ ಬರೆದಾಗ ಟೋಕಿಯೊದ ನೇರ ಅರ್ಹತೆಗೆ ಬೇಕಿದ್ದದ್ದು 11.15. ಆ ವೇಗದಲ್ಲಿ ನೂರರಲ್ಲಿ ಎರಡು ಭಾಗ ಅಂದರೆ ನೆಲದ ಮೇಲೆ ಒಂದು ಗೇಣಿಗೂ ಕಡಿಮೆ. ಕೊನೆಗೆ ವಿಶ್ವ ರ‍್ಯಾಂಕಿಂಗ್ ಆಧಾರದಲ್ಲಿ ಹೋಗಿ, ಅಲ್ಲೂ ಹೀಟ್ಸ್ ದಾಟಲಿಲ್ಲ. ಅನ್ಯಾಯದ ಅನುಕೂಲ ಪಡೆದವರು ಎಂಬ ಆರೋಪ ಹೊತ್ತವರ ವೃತ್ತಿಜೀವನ ಇದು. ಅವರು ಸೋತರು, ಆದ್ದರಿಂದ ಅನುಕೂಲವೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಒಬ್ಬರ ಸಮಯವನ್ನಿಟ್ಟುಕೊಂಡು ಹಾಗೆ ಸಾಧಿಸಲಾಗದು. ಆದರೆ ಮಹಿಳಾ ಕ್ರೀಡೆಯೇ ಮುಳುಗಿಹೋಗುತ್ತದೆ ಎಂದು ಹೆದರಿಸಿದವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

ಇನ್ನು ಎರಡನೆಯ ಪ್ರಕರಣ. 2022ರ ಡಿಸೆಂಬರ್ 5 ಮತ್ತು 26ರಂದು ಭುವನೇಶ್ವರದಲ್ಲಿ ಪಡೆದ ಮಾದರಿಗಳಲ್ಲಿ ಆಂಡರಿನ್, ಆಸ್ಟರಿನ್, ಲಿಗ್ಯಾಂಡ್ರಾಲ್ ಮುಂತಾದ ನಿಷೇಧಿತ ವಸ್ತುಗಳು ಪತ್ತೆಯಾದವು. ತಿಳಿಯದೆ ಆದದ್ದು ಎಂಬ ವಿವರಣೆಯನ್ನು ಶಿಸ್ತು ಸಮಿತಿ ಒಪ್ಪದೆ 2023ರ ಜನವರಿಯಿಂದ ನಾಲ್ಕು ವರ್ಷಗಳ ನಿಷೇಧ ಹೇರಿತು. ಇದನ್ನು ಮೃದು ಮಾಡಿ ಹೇಳುವ ಅಗತ್ಯವಿಲ್ಲ. ದೇಹದೊಳಗೆ ಏನು ಹೋಗುತ್ತದೆ ಎಂಬುದಕ್ಕೆ ಅಥ್ಲೀಟೇ ಹೊಣೆ ಎಂಬುದು ಈ ನಿಯಮದ ಅಡಿಗಲ್ಲು. ಅದು ಕಠಿಣ, ಕೆಲವೊಮ್ಮೆ ಕ್ರೂರ. ಆದರೂ ಸಡಿಲಿಸಿದರೆ ಶುದ್ಧವಾಗಿ ಓಡುವವರು ಬೀದಿಗೆ ಬೀಳುತ್ತಾರೆ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕೂಟಗಳ ಚಿನ್ನ ತಂದು ಮನೆಮಾತಾಗಿ, ಮರುವರ್ಷವೇ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಾಗ ರಾಜ್ಯವೇ ನೊಂದಿತ್ತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಎಂದು ಆ ರಿಲೇ ಓಟಗಾರ್ತಿಯರು ಹೇಳಿದರೂ, ದೇಶದಲ್ಲಿ ವಿಧಿಸಿದ್ದ ಒಂದು ವರ್ಷದ ನಿಷೇಧವನ್ನು ಲಾಸಾನ್ ಮಂಡಳಿ ಎರಡು ವರ್ಷಕ್ಕೆ ಏರಿಸಿತು. ಅದೇ ಮಂಡಳಿ ದ್ಯುತಿ ಪರ ನಿಂತದ್ದು. ದೇಹದ ವಿಷಯದಲ್ಲಿ ಪುರಾವೆ ಕೇಳಿದ ಸಂಸ್ಥೆ ಮದ್ದಿನ ವಿಷಯದಲ್ಲಿ ಕಠಿಣವಾಗಿತ್ತು ಎಂಬುದನ್ನು ಗಮನಿಸಬೇಕು. ಇವೆರಡೂ ಒಂದೇ ನ್ಯಾಯಬುದ್ಧಿಯೊಳಗೆ ಒಟ್ಟಿಗೆ ಇರಬಲ್ಲವು.

ಇಲ್ಲಿ ಬರುವ ಬಲವಾದ ಆಕ್ಷೇಪ ಇದು. ದ್ಯುತಿ ಅವರ ಮಾದರಿಯಲ್ಲಿ ಸಿಕ್ಕ ವಸ್ತುಗಳು ದೇಹದಲ್ಲಿ ಮಾಡುವುದು ಟೆಸ್ಟೊಸ್ಟೆರಾನ್ ಮಾಡುವ ಕೆಲಸವನ್ನೇ. ಹೊರಗಿನಿಂದ ಬಂದರೆ ಮೋಸ ಎನ್ನುವಷ್ಟು ಲಾಭ ಅದರಿಂದ ಆಗುವುದಾದರೆ, ಒಳಗೇ ಹೆಚ್ಚು ಇರುವುದರಿಂದಲೂ ಲಾಭವೇ ಅಲ್ಲವೇ? ಇದಕ್ಕೆ ಉತ್ತರ ಫಿನ್‌ಲೆಂಡಿನ ಈರೊ ಮಾಂಟುರಾಂಟಾ ಅವರ ಉದಾಹರಣೆಯಲ್ಲಿದೆ. 1960ರ ದಶಕದಲ್ಲಿ ಹಿಮದ ಮೇಲಿನ ದೂರದ ಸ್ಕೀಯಿಂಗ್ ಸ್ಪರ್ಧೆಗಳಲ್ಲಿ ಮೂರು ಚಿನ್ನ ಸೇರಿ ಏಳು ಒಲಿಂಪಿಕ್ ಪದಕ ಗೆದ್ದವರು. ಕುಟುಂಬದಿಂದಲೇ ಬಂದ ಜೀನ್ ಬದಲಾವಣೆಯಿಂದ ಅವರ ರಕ್ತದಲ್ಲಿ ಕೆಂಪುಕಣಗಳು ಬೇರೆಯವರಿಗಿಂತ ಬಹಳ ಹೆಚ್ಚಿದ್ದವು ಎಂದು ಆಮೇಲೆ ತಿಳಿಯಿತು. ಅದೇ ಪರಿಣಾಮಕ್ಕಾಗಿ ಇಪಿಒ ಎಂಬ ಮದ್ದು ಚುಚ್ಚಿಸಿಕೊಂಡ ಸೈಕ್ಲಿಸ್ಟ್‌ಗಳ ಪದಕಗಳನ್ನು ಜಗತ್ತು ಕಿತ್ತುಕೊಂಡಿದೆ. ಮಾಂಟುರಾಂಟಾ ಅವರ ಪದಕಗಳನ್ನು ಯಾರೂ ಮುಟ್ಟಿಲ್ಲ, ಮುಟ್ಟಬೇಕೆಂದು ಕೇಳಿದವರೂ ಇಲ್ಲ. ಮದ್ದಿನ ನಿಯಮ ಬರೀ ಲಾಭವನ್ನು ಅಳೆಯುವುದಿಲ್ಲ, ಎಲ್ಲರೂ ಒಪ್ಪಿ ಸಹಿ ಮಾಡಿದ ಕಟ್ಟಳೆ ಮುರಿದರೇ ಎಂದು ನೋಡುತ್ತದೆ. ಹುಟ್ಟುವುದಕ್ಕೆ ಸಹಿ ಬೇಕಿಲ್ಲ.

ಮತ್ತೊಂದು ಆಕ್ಷೇಪವನ್ನು ಹೆಚ್ಚು ಗೌರವದಿಂದ ಎದುರಿಸಬೇಕು. ಮಹಿಳಾ ವಿಭಾಗ ಎಂಬುದು ಇರಬೇಕಾದರೆ ಎಲ್ಲೋ ಒಂದು ಗೆರೆ ಬೇಕು. ಗೆರೆ ಇಲ್ಲದಿದ್ದರೆ ನಷ್ಟ ಅನುಭವಿಸುವವರು ಹೆಂಗಸರೇ. ನಿಜ. ಅವರ ಆತಂಕ ಹುಸಿಯಲ್ಲ. ಪ್ರಶ್ನೆ ಇರುವುದು ಗೆರೆ ಎಳೆಯುವ ರೀತಿಯಲ್ಲಿ. 2011 ಮತ್ತು 2013ರ ವಿಶ್ವ ಚಾಂಪಿಯನ್‌ಷಿಪ್‌ಗಳ ದತ್ತಾಂಶ ಹಿಡಿದು ಫೆಡರೇಷನ್‌ನ ತಜ್ಞರೇ 2017ರಲ್ಲಿ ಪ್ರಕಟಿಸಿದ ಅಧ್ಯಯನ 400, 800 ಮೀಟರ್, 400 ಮೀಟರ್ ಹರ್ಡಲ್ಸ್, ಹ್ಯಾಮರ್ ಎಸೆತ, ಪೋಲ್‌ವಾಲ್ಟ್‌ಗಳಲ್ಲಿ ಟೆಸ್ಟೊಸ್ಟೆರಾನ್‌ಗೂ ಸಾಧನೆಗೂ ಸಂಬಂಧ ಕಂಡಿತು. 100 ಮತ್ತು 200 ಮೀಟರ್‌ಗಳಲ್ಲಿ ಕಾಣಲಿಲ್ಲ. ಆದರೆ ಫೆಡರೇಷನ್ 2018ರಲ್ಲಿ ತಂದ ಹೊಸ ನಿಯಮದಲ್ಲಿ ಹ್ಯಾಮರ್, ಪೋಲ್‌ವಾಲ್ಟ್ ಬಿಟ್ಟುಹೋದವು, 1500 ಮೀಟರ್ ಒಳಬಂತು. ದ್ಯುತಿ ಪಾರಾದರು, ದಕ್ಷಿಣ ಆಫ್ರಿಕಾದ 800 ಮೀಟರ್ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಸಿಕ್ಕಿಕೊಂಡರು. 2021ರಲ್ಲಿ ಆ ಅಧ್ಯಯನಕ್ಕೇ ತಿದ್ದುಪಡಿ ಬಂದು, ಅದರಿಂದ ಕಾರಣ-ಪರಿಣಾಮದ ತೀರ್ಮಾನಕ್ಕೆ ಬರಲಾಗದು ಎಂದು ಒಪ್ಪಿಕೊಳ್ಳಬೇಕಾಯಿತು. ಇಂಥ ಅಡಿಪಾಯದ ಮೇಲೆ ಜನರ ಜೀವನೋಪಾಯ ನಿರ್ಧಾರವಾಗಬಾರದು.

2023ರಲ್ಲಿ ಟೆಸ್ಟೊಸ್ಟೆರಾನ್ ಮಿತಿ 2.5 ನ್ಯಾನೊಮೋಲ್‌ಗೆ ಇಳಿದು ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿತು. 2025ರ ಸೆಪ್ಟೆಂಬರ್‌ನಿಂದ ಮಹಿಳಾ ವಿಭಾಗದ ಪ್ರತಿ ಅಥ್ಲೀಟೂ ಜೀವನದಲ್ಲಿ ಒಮ್ಮೆ, ಗಂಡು ಬೆಳವಣಿಗೆಗೆ ಚಾಲನೆ ಕೊಡುವ ಎಸ್‌ಆರ್‌ವೈ ಜೀನ್‌ನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಜೀನ್ ಇದ್ದರೆ, ಕೆಲವು ಅಪವಾದ ಬಿಟ್ಟು, ಓಟ ಅಲ್ಲಿಗೆ ಮುಗಿಯಿತು. 1990ರಲ್ಲಿ ಆ ಜೀನನ್ನು ಪತ್ತೆ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರಾದ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನು ವಿರೋಧಿಸಿದ್ದಾರೆ. ಜೀನ್ ಇದೆ ಎಂದಷ್ಟೇ ಪರೀಕ್ಷೆ ಹೇಳುತ್ತದೆ, ಅದು ದೇಹದಲ್ಲಿ ಏನು ಮಾಡುತ್ತಿದೆ ಎಂದಲ್ಲ. 1996ರ ಅಟ್ಲಾಂಟಾದಲ್ಲಿ ಇಂಥ ಪರೀಕ್ಷೆಗೆ ಒಳಗಾದ 3,387 ಮಹಿಳೆಯರಲ್ಲಿ ಎಂಟು ಮಂದಿಯ ಫಲಿತಾಂಶ ಬೇರೆ ಬಂದಿತ್ತು. ವಿವರವಾದ ತಪಾಸಣೆಯ ನಂತರ ಎಂಟೂ ಮಂದಿಗೆ ಸ್ಪರ್ಧಿಸಲು ಅನುಮತಿ ಸಿಕ್ಕಿತು. ಸಿಡ್ನಿಗೆ ಮೊದಲೇ ಒಲಿಂಪಿಕ್ ಸಮಿತಿ ಆ ಪದ್ಧತಿ ಕೈಬಿಟ್ಟಿತು. ಕೈಬಿಟ್ಟದ್ದನ್ನು ಮತ್ತೆ ತರುವವರು 2015ರ ಪ್ರಶ್ನೆಗೆ ಇನ್ನೂ ಉತ್ತರಿಸಬೇಕಿದೆ, ಮತ್ತು ದ್ಯುತಿ ಮದ್ದಿನಲ್ಲಿ ಸಿಕ್ಕಿಬಿದ್ದದ್ದು ಆ ಉತ್ತರವಲ್ಲ.

ನಿಯಮ ಬದಲಾಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನಮ್ಮ ದೇಶದ ಅಥ್ಲೆಟಿಕ್ ಫೆಡರೇಷನ್ ಮಾಡಬಹುದಾದ್ದು ಬಹಳಷ್ಟಿದೆ. ರಾಷ್ಟ್ರೀಯ ಶಿಬಿರಕ್ಕೆ ಬರುವ ಹುಡುಗಿಗೆ ಯಾವ ಪರೀಕ್ಷೆ, ಯಾಕೆ, ಫಲಿತಾಂಶ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಅವಳ ಭಾಷೆಯಲ್ಲಿ, ಲಿಖಿತವಾಗಿ, ಮೊದಲೇ ತಿಳಿಸಬೇಕು. ವರದಿ ಸೋರಿದರೆ ಸೋರಿಸಿದವರ ಮೇಲೆ ಕ್ರಮವಾಗಬೇಕು. ದ್ಯುತಿ ಪರವಾಗಿ ಟೊರಾಂಟೊದ ವಕೀಲರು ಶುಲ್ಕ ಪಡೆಯದೆ ವಾದಿಸಿದರು, ಭಾರತೀಯ ಕ್ರೀಡಾ ಪ್ರಾಧಿಕಾರ ಬೆನ್ನಿಗೆ ನಿಂತಿತು. ಮುಂದಿನ ಹುಡುಗಿ ಜಾಜ್‌ಪುರದವಳಿರಲಿ ರಾಯಚೂರಿನವಳಿರಲಿ, ಇಂಥ ನೆರವು ಅವಳ ಅದೃಷ್ಟಕ್ಕೆ ಬಿಟ್ಟ ವಿಷಯವಾಗಬಾರದು. ಮೇಲ್ಮನವಿಗೆ ಬೇಕಾದ ವಕೀಲರನ್ನೂ ವೈದ್ಯರನ್ನೂ ಫೆಡರೇಷನ್ ಈಗಲೇ ಗೊತ್ತು ಮಾಡಿ, ಅದರ ಖರ್ಚನ್ನು ತನ್ನ ವಾರ್ಷಿಕ ಬಜೆಟ್‌ನಲ್ಲಿ ತೋರಿಸಬೇಕು.